ಆಫರ್ ಒಪ್ಪಿದ ಮೇಲಿನ 90 ದಿನ: ಮೇಲ್, ವಾಟ್ಸಾಪ್ ಗುಂಪು, ಫೋನ್ ಕರೆ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ನೋಟಿಸ್ ಅವಧಿ, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಕಾಲ, 60 ಅಥವಾ 90 ದಿನ ಇರುವುದು ಸಾಮಾನ್ಯ. ನಮ್ಮ ಆಫರ್ ಪತ್ರಕ್ಕೆ ಒಪ್ಪಿಗೆ ಕೊಟ್ಟವರು ಅಷ್ಟು ಕಾಲವೂ ಹಳೆಯ ಕಚೇರಿಯಲ್ಲೇ ಕೆಲಸ ಮಾಡುತ್ತಿರುತ್ತಾರೆ. ನೋಟಿಸ್‌ನಲ್ಲಿರುವವರು ಬೇಗ ಸಿಗುತ್ತಾರೆಂದು ಬೇರೆ ಕಂಪನಿಗಳ ಕರೆಗಳು ಅವರಿಗೆ ಮೊದಲಿಗಿಂತ ಹೆಚ್ಚಾಗಿ ಬರತೊಡಗುತ್ತವೆ, ಅಷ್ಟರಲ್ಲಿ ಹಳೆಯ ಮ್ಯಾನೇಜರ್ ಸಂಬಳ ಏರಿಸುವ ಮಾತೂ ತೆಗೆಯುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ನೇಮಕಾತಿ ನೋಡಿಕೊಳ್ಳುವ ನಾನು, ಈ ಅವಧಿಯಲ್ಲಿ ಅವರೊಂದಿಗೆ ಸಂಪರ್ಕ ಉಳಿಸಿಕೊಳ್ಳಲು ಮೂರು ದಾರಿಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದ್ದೇನೆ.

ಮೊದಲು ನೆಚ್ಚಿಕೊಂಡದ್ದು ತಾನಾಗಿಯೇ ಹೋಗುವ ಮೇಲ್‌ಗಳನ್ನು. ಒಮ್ಮೆ ಬರೆದಿಟ್ಟರೆ ಪ್ರತಿ ವಾರ ಒಂದರಂತೆ ಹೋಗುತ್ತವೆ, ನಮಗೆ ಶ್ರಮವಿಲ್ಲ. ಕಾಗದಪತ್ರಗಳ ಮಟ್ಟಿಗೆ ಇದಕ್ಕಿಂತ ಉತ್ತಮ ವ್ಯವಸ್ಥೆಯನ್ನು ನಾನು ಈಗಲೂ ಕಂಡಿಲ್ಲ. ಪಿಎಫ್ (ಭವಿಷ್ಯ ನಿಧಿ) ಸದಸ್ಯರಿಗಿರುವ 12 ಅಂಕಿಯ ಯುಎಎನ್ ಸಂಖ್ಯೆ ಕೊಡಬೇಕು, ಹಳೆಯ ಕಂಪನಿಯವರು ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು, ಕೆಲಸದಿಂದ ಬಿಡುಗಡೆ ಮಾಡಿದ್ದೇವೆಂದು ಹಳೆಯ ಕಂಪನಿ ಕೊಡುವ ರಿಲೀವಿಂಗ್ ಲೆಟರ್ ಕೇಳಿ ಪಡೆಯಬೇಕು, ಆ ಆರ್ಥಿಕ ವರ್ಷದಲ್ಲಿ ಹಿಂದಿನ ಕಂಪನಿಯಿಂದ ಬಂದ ಸಂಬಳದ ವಿವರವನ್ನು ನಮಗೆ ತಿಳಿಸದಿದ್ದರೆ ತೆರಿಗೆ ಕಡಿಮೆ ಕಡಿತವಾಗಿ ಕೊನೆಯಲ್ಲಿ ಒಟ್ಟಿಗೆ ಕಟ್ಟಬೇಕಾಗುತ್ತದೆ. ಇಂಥವನ್ನು ಫೋನಿನಲ್ಲಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಮೇಲ್‌ನಲ್ಲಿದ್ದರೆ ಬೇಕಾದಾಗ ಹುಡುಕಿಕೊಳ್ಳುತ್ತಾರೆ. ಆದರೆ ಕಾಗದಪತ್ರದ ಆಚೆಗೆ ಈ ಮೇಲ್‌ಗಳಿಂದ ಏನೂ ಆಗಲಿಲ್ಲ. 'ನಿಮ್ಮನ್ನು ಸ್ವಾಗತಿಸಲು ನಮ್ಮ ತಂಡ ಕಾತರದಿಂದಿದೆ' ಎಂಬ ಸಾಲಿಗೆ ಯಾರೊಬ್ಬರೂ ಉತ್ತರ ಬರೆಯಲಿಲ್ಲ. ಬರುವುದಿಲ್ಲವೆಂದು ಹತ್ತು ದಿನ ಮೊದಲೇ ತಿಳಿಸಿದ್ದ ಒಬ್ಬರಿಗೂ, ಪಟ್ಟಿಯಿಂದ ಹೆಸರು ತೆಗೆಯಲು ನಾನು ಮರೆತದ್ದರಿಂದ, ಅದೇ ಕಾತರದ ಮೇಲ್ ಹೋಗಿತ್ತು.

ಇದರ ಜೊತೆಗೆ ಕಪ್, ಪುಸ್ತಕ, ಟೀ ಶರ್ಟ್ ಇರುವ ಸ್ವಾಗತದ ಪೆಟ್ಟಿಗೆಯನ್ನೂ ಕೆಲವರಿಗೆ ಕಳಿಸಿದೆವು. ಒಂದು ಪೆಟ್ಟಿಗೆ, ಅಭ್ಯರ್ಥಿ ಕೊಟ್ಟಿದ್ದ ವಿಳಾಸದಂತೆ, ನೇರವಾಗಿ ಅವರ ಹಳೆಯ ಕಚೇರಿಯ ರಿಸೆಪ್ಷನ್‌ಗೆ ಹೋಗಿ ತಲುಪಿತು. ಅವರಿನ್ನೂ ರಾಜೀನಾಮೆಯ ವಿಷಯವನ್ನು ಸಹೋದ್ಯೋಗಿಗಳಿಗೆ ಹೇಳಿರಲಿಲ್ಲ. ಪೆಟ್ಟಿಗೆಯ ಮೇಲೆ ನಮ್ಮ ಲೋಗೋ ಅಂಗೈ ಅಗಲಕ್ಕಿತ್ತು. ಅದನ್ನು ಅಲ್ಲಿಗೇ ನಿಲ್ಲಿಸಿದೆವು.

ಎರಡನೆಯದು ವಾಟ್ಸಾಪ್ ಗುಂಪು. ಒಂದೇ ತಿಂಗಳಲ್ಲಿ ಸೇರಲಿರುವವರನ್ನೆಲ್ಲ ಒಂದು ಗುಂಪಿಗೆ ಹಾಕಿದೆ. ಮೊದಲ ಎರಡು ವಾರ ಅದು ನಿಜವಾಗಿಯೂ ಉಪಯೋಗಕ್ಕೆ ಬಂತು, ಅದರಲ್ಲೂ ಹೊರ ಊರಿನವರಿಗೆ. ಬೊಮ್ಮಸಂದ್ರದ ಕಡೆ ಪಿಜಿ ಹೇಗಿವೆ, 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಜಯನಗರದಲ್ಲೋ ಬಿಟಿಎಂನಲ್ಲೋ ಮನೆ ಹಿಡಿದರೂ ನಡೆಯುತ್ತದೆಯೇ, ಮನೆ ಮಾಲೀಕರು ಕೇಳುವ ಅಡ್ವಾನ್ಸ್ ಎಷ್ಟರವರೆಗೆ ಇಳಿಯಬಹುದು ಎಂಬ ಪ್ರಶ್ನೆಗಳಿಗೆ ನನಗಿಂತ ಚೆನ್ನಾಗಿ ಅವರವರೇ ಉತ್ತರ ಕೊಟ್ಟುಕೊಂಡರು. ಮೂರನೆಯ ವಾರ ಒಬ್ಬರು ತಮಗೆ ಇನ್ನೊಂದು ಕಂಪನಿಯಿಂದ ಹೆಚ್ಚಿನ ಆಫರ್ ಬಂದಿದೆಯೆಂದು ಬರೆದರು. ಅಭಿನಂದನೆಗಳ ಕೆಳಗೆ, 'ಅಲ್ಲಿ ಇನ್ನೂ ಜಾಗ ಖಾಲಿ ಇದ್ಯಾ?' ಎಂದು ಇಬ್ಬರು ಕೇಳಿದರು. ನಾನೇ ಕಟ್ಟಿದ ಗುಂಪಿನಲ್ಲಿ ನಾನೇ ಮೂಕಪ್ರೇಕ್ಷಕಳಾದೆ. ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುವಂತೆ ಮಾಡುವ ಮೊದಲು ಯಾರನ್ನೂ ಕೇಳಿರಲಿಲ್ಲವೆಂಬುದೂ ನನ್ನದೇ ತಪ್ಪು. ಒಬ್ಬ ಹೆಣ್ಣುಮಗಳು ಅದನ್ನು ನೇರವಾಗಿ ಹೇಳಿ ಗುಂಪು ಬಿಟ್ಟರು.

ಮೂರನೆಯದಾಗಿ, ಮುಂದೆ ಯಾರ ಕೈಕೆಳಗೆ ಕೆಲಸ ಮಾಡಬೇಕೋ ಅವರಿಂದಲೇ ಫೋನ್ ಮಾಡಿಸಿದೆ. ಆರಂಭದಲ್ಲಿ ಇದು ನನ್ನ ಕೆಲಸವೆಂದೇ ತಿಳಿದು ನಾನೇ ವಾರವಾರ ಕರೆ ಮಾಡುತ್ತಿದ್ದೆ, 'ಬರ್ತಿದೀರಲ್ವಾ?' ಎಂಬ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದೇನೆಂಬುದು ಅತ್ತ ಕಡೆಯವರಿಗೂ ಗೊತ್ತಾಗುತ್ತಿತ್ತು. ತಂಡದ ಮುಖ್ಯಸ್ಥರು ಮಾಡಿದ ಮೊದಲ ಕರೆಯಲ್ಲಿ ನಾನೂ ಜೊತೆಗಿದ್ದೆ. ಅತ್ತ ದಾವಣಗೆರೆಯ ಹುಡುಗ, 'ಒಂದ್ನಿಮಿಷ ಸರ್, ಮೆಟ್ಟಿಲ ಹತ್ರ ಬರ್ತೀನಿ' ಎಂದು, ಬಾಗಿಲು ಮುಚ್ಚಿದ ಸದ್ದಾದ ಮೇಲೆ ದನಿ ತಗ್ಗಿಸಿ ಕೇಳಿದ: 'ಬಂದ್ಮೇಲೆ ಸಪೋರ್ಟ್ ಪ್ರಾಜೆಕ್ಟ್‌ಗೆ ಹಾಕಲ್ಲ ತಾನೆ ಸರ್?' ಸಂದರ್ಶನದಲ್ಲಿ ಹೊಸ ಕೋಡ್ ಬರೆಯುವ ಕೆಲಸವೆಂದು ಹೇಳಿ, ಸೇರಿದ ಮೇಲೆ ರಾತ್ರಿ ಪಾಳಿಯಲ್ಲಿ ಬಳಕೆದಾರರ ದೂರುಗಳನ್ನು (ಟಿಕೆಟ್) ನೋಡುವ ಸಪೋರ್ಟ್ ಕೆಲಸಕ್ಕೆ ಕೂರಿಸಿದ ಅನುಭವ ಅವನಿಗೆ ಹಿಂದೆಯೇ ಆಗಿತ್ತಂತೆ. ಆರು ವಾರ ನಾನು ಕಳಿಸಿದ ಮೇಲ್‌ಗಳಿಗಾಗಲೀ ಕರೆಗಳಿಗಾಗಲೀ ಆ ಪ್ರಶ್ನೆ ಬಂದಿರಲಿಲ್ಲ, ಬಂದಿದ್ದರೂ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಮುಖ್ಯಸ್ಥರು ಮೊದಲ ಮೂರು ತಿಂಗಳಲ್ಲಿ ಯಾವ ಕೆಲಸ, ಯಾರ ಜೊತೆ ಎಂದು ವಿವರಿಸಿದರು. ಆಮೇಲೆ ತಿಂಗಳಿಗೊಂದು ವಾರ ಸರದಿಯ ಮೇಲೆ ಸಪೋರ್ಟ್ ನೋಡಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಹುಡುಗ ಸೇರಿದ.

ಈ ದಾರಿಯಲ್ಲೂ ತೊಡಕಿದೆ. ಕಚೇರಿಯ ವೇಳೆಯಲ್ಲಿ ಕರೆ ಮಾಡಿದರೆ ಅವರು ಮಾತಾಡುವಂತಿಲ್ಲ, ಆದ್ದರಿಂದ ಸಂಜೆ ಏಳರ ಮೇಲೆ, ಮೊದಲೇ ಮೆಸೇಜ್ ಮಾಡಿ ಕೇಳಿಯೇ ಮಾಡಬೇಕು. ವಾರಕ್ಕೊಂದು ಕರೆ ಹಿಂಸೆಯಾಗುತ್ತದೆ. ರಾಜೀನಾಮೆ ಕೊಟ್ಟ ದಿನ, ಉಳಿಸಿಕೊಳ್ಳಲು ಹಳೆಯ ಕಂಪನಿಯಿಂದ ಕೌಂಟರ್ ಆಫರ್ ಬರುವ ನಡುವಿನ ದಿನಗಳಲ್ಲೊಮ್ಮೆ, ಸೇರುವ ಹಿಂದಿನ ವಾರ, ಹೀಗೆ ಮೂರು ಸಾಕು. ಸಂಬಳವೊಂದೇ ಮುಖ್ಯವಾಗಿದ್ದವರನ್ನು ಈ ಕರೆಗಳೂ ತಡೆಯಲಿಲ್ಲ, ಆದರೆ ಅವರು ಕೊನೆಯ ದಿನ ಫೋನ್ ಸ್ವಿಚ್ ಆಫ್ ಮಾಡಿಕೊಳ್ಳದೆ ಮೊದಲೇ ಹೇಳಿದರು, ನಮಗೆ ಬೇರೆಯವರನ್ನು ಹುಡುಕಲು ಸಮಯ ಸಿಕ್ಕಿತು.

ಈಗ ಮೇಲ್‌ಗಳನ್ನು ಕಾಗದಪತ್ರಕ್ಕಷ್ಟೇ ಉಳಿಸಿಕೊಂಡಿದ್ದೇನೆ, ಗುಂಪನ್ನು ಕೊನೆಯ ಹತ್ತು ದಿನಕ್ಕೆ ಮಾತ್ರ, ಒಪ್ಪಿದವರಿಗಷ್ಟೇ ತೆರೆಯುತ್ತೇನೆ. ಉಳಿದಿರುವ ಕಷ್ಟವೆಂದರೆ ನಮ್ಮ ಮ್ಯಾನೇಜರ್‌ಗಳದು: ಹತ್ತು ನಿಮಿಷದ ಕರೆಗೆ ಬಿಡುವಿಲ್ಲವೆನ್ನುತ್ತಾರೆ. ಅವರ ಕ್ಯಾಲೆಂಡರ್‌ನಲ್ಲಿ ಆ ಮೂರು ದಿನಗಳನ್ನು ನಾನೇ ಗುರುತು ಹಾಕಿ, ಸಂಜೆ ಆರೂವರೆಗೆ ಅವರ ಮೇಜಿನ ಪಕ್ಕ ಹೋಗಿ ನಿಲ್ಲುತ್ತೇನೆ.