ಮಿಡ್‌ಲ್ಯಾಂಡ್ ಡಬ್ಲ್ಯುಆರ್120: ಟೊರ್ನೆಡೊಗೆ ಹೇಳಿಮಾಡಿಸಿದ ರೇಡಿಯೊ, ಹರಿಕೇನ್‌ಗೆ ಅರ್ಧ ಆಸರೆ

ಅಮೆರಿಕದಲ್ಲಿ ಹವಾಮಾನ ರೇಡಿಯೊ (ಹವಾಮಾನದ ಎಚ್ಚರಿಕೆ ಬಂದೊಡನೆ ಕೂಗುವ ಪೆಟ್ಟಿಗೆ) ಕೊಳ್ಳುವ ಮೊದಲು ನಿಮ್ಮ ಕಡೆ ಬರುವುದು ಹರಿಕೇನೋ ಟೊರ್ನೆಡೊನೋ ನೋಡಿಕೊಳ್ಳಿ. ಎರಡೂ ಸುತ್ತುವ ಗಾಳಿಯೇ, ಆದರೆ ತಯಾರಿಗೆ ಸಿಗುವ ಹೊತ್ತಿನಲ್ಲಿ ಅಜಗಜಾಂತರ. ಹರಿಕೇನ್ ಬೆಚ್ಚಗಿನ ಸಮುದ್ರದ ಮೇಲೆ ಹುಟ್ಟಿ, ನೂರಾರು ಕಿಲೋಮೀಟರ್ ಅಗಲ ಹಬ್ಬಿ, ದಿನಗಟ್ಟಲೆ ಸಾಗುತ್ತದೆ. ಬಿರುಗಾಳಿ ಶುರುವಾಗಬಹುದಾದ ಹೊತ್ತಿಗೆ 48 ಗಂಟೆ ಮೊದಲೇ ವಾಚ್ (ಬರಬಹುದೆಂಬ ಮುನ್ಸೂಚನೆ), 36 ಗಂಟೆ ಮೊದಲು ವಾರ್ನಿಂಗ್ (ಬಹುತೇಕ ಬರಲಿದೆಯೆಂಬ ಎಚ್ಚರಿಕೆ) ಹೊರಡುತ್ತದೆ. ಟೊರ್ನೆಡೊ ಗುಡುಗುಮೋಡದಡಿ ಇಳಿಯುವ ಸುಳಿ. ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್‌ನೊಳಗೆ, ಆಯಸ್ಸು ಹೆಚ್ಚಿನ ಸಲ 10 ನಿಮಿಷದೊಳಗೆ. ವಾರ್ನಿಂಗ್ ಬಂದ ಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ನಿಮಿಷ, ಒಮ್ಮೊಮ್ಮೆ ಅದೂ ಇಲ್ಲ. ನಡುರಾತ್ರಿ ಮಲಗಿದವರನ್ನು ಎಬ್ಬಿಸುವುದೇ ಮಿಡ್‌ಲ್ಯಾಂಡ್ ಡಬ್ಲ್ಯುಆರ್120 ಎಂಬ ಈ ಪೆಟ್ಟಿಗೆಯ ಅಸಲು ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಸರಿಯಾಗಿ ಹೊಂದಿಸಿದರೆ ಮಾತ್ರ. ಪೆಟ್ಟಿಗೆಯಿಂದ ತೆಗೆದಾಗ ಸ್ಥಳದ ಆಯ್ಕೆ ‘ಎನಿ’ ಎಂದಿರುತ್ತದೆ. ರೇಡಿಯೊ ಹಿಡಿಯುವ ಪ್ರಸಾರ ಗೋಪುರ ಬಿತ್ತರಿಸುವ ಅಷ್ಟೂ ಕೌಂಟಿಗಳ (ಜಿಲ್ಲೆಗಳ) ಎಚ್ಚರಿಕೆಗೆ ಅರಚುತ್ತದೆ. ನಾಲ್ಕು ರಾತ್ರಿ ಸುಮ್ಮನೆ ಎದ್ದವರು ಐದನೆಯ ರಾತ್ರಿ ಪ್ಲಗ್ ಕೀಳುತ್ತಾರೆ. ಮೆನುವಿನಲ್ಲಿ ‘ಸಿಂಗಲ್’ ಆರಿಸಿ, ನಿಮ್ಮ ಕೌಂಟಿಯ ಆರಂಕಿಯ ಸೇಮ್ ಕೋಡ್ (ಕೌಂಟಿಯನ್ನು ಗುರುತಿಸುವ ಸಂಖ್ಯೆ) ತುಂಬಿ. ಮಾಮೂಲಾಗಿ ಗುಡುಗುಮೋಡಗಳು ಬರುವ ದಿಕ್ಕಿನ ಪಕ್ಕದ ಕೌಂಟಿಯನ್ನೂ ಸೇರಿಸಬೇಕೆಂದರೆ ‘ಮಲ್ಟಿಪಲ್’. 25ರವರೆಗೆ ಜಾಗವಿದೆ, ಆದರೆ ಎರಡು ಮೂರು ಸಾಕು. ಆಮೇಲೆ ಚಾನೆಲ್. 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳರಲ್ಲಿ ದನಿ ಸ್ಪಷ್ಟವಾಗಿ ಕೇಳುವುದನ್ನೇ ಎಲ್ಲರೂ ಆರಿಸುತ್ತಾರೆ. ಎಡವುವುದು ಇಲ್ಲೇ: ಆ ಗೋಪುರ ನಿಮ್ಮ ಕೌಂಟಿಯ ಎಚ್ಚರಿಕೆ ಬಿತ್ತರಿಸದಿದ್ದರೆ ರೇಡಿಯೊ ಮಾತಾಡುತ್ತಲೇ ಇರುತ್ತದೆ, ಸೈರನ್ ಮಾತ್ರ ಕೂಗುವುದಿಲ್ಲ. ರಾಷ್ಟ್ರೀಯ ಹವಾಮಾನ ಸೇವೆಯ ಕೌಂಟಿವಾರು ಪಟ್ಟಿ ನೋಡಿಯೇ ಚಾನೆಲ್ ಹಾಕಿ. ಸಾಮಾನ್ಯವಾಗಿ ಬುಧವಾರ ಬರುವ ವಾರದ ಪರೀಕ್ಷಾ ಸಂಕೇತ ಪರದೆಯಲ್ಲಿ ದಾಖಲಾದರೆ ಎಲ್ಲ ಸರಿ. ಆಗದಿದ್ದರೆ ಆಂಟೆನಾ ಪೂರ್ತಿ ಎಳೆದು, ಕಿಟಕಿ ಹತ್ತಿರ, ವೈಫೈ ರೌಟರ್‌ನಿಂದ ದೂರವಿಡಿ.

ಸರಿಪಡಿಸಲಾಗದ ಒಂದು ಕೊರತೆ: ಟೊರ್ನೆಡೊ ವಾರ್ನಿಂಗನ್ನು 2007ರಿಂದ ನಕ್ಷೆಯ ಮೇಲೆ ಬಹುಭುಜಾಕೃತಿಯಾಗಿ ಎಳೆಯುತ್ತಾರೆ, ರೇಡಿಯೊಗೆ ಗೊತ್ತಿರುವುದು ಕೌಂಟಿ ಮಾತ್ರ. ಅಪಾಯ ಒಂದು ಮೂಲೆಯಲ್ಲಿದ್ದರೂ ಇಡೀ ಕೌಂಟಿ ಏಳಬೇಕು. ಎದ್ದ ಮೇಲೆ ನಿಖರ ಜಾಗವನ್ನು ಫೋನಿನಲ್ಲಿ ನೋಡಿ. ಬರುತ್ತಿರುವುದು ಎಷ್ಟು ಜೋರಿನದ್ದೆಂದು ತಿಳಿಯಲು ಇಎಫ್ ಅಂಕಿಗೆ (ಟೊರ್ನೆಡೊದ ತೀವ್ರತೆಯ ದರ್ಜೆ) ಕಾಯಬೇಡಿ. ಹರಿಕೇನ್‌ನ 1ರಿಂದ 5ರ ದರ್ಜೆ ಗಾಳಿಯ ವೇಗದಿಂದ ಮೊದಲೇ ತಿಳಿಯುತ್ತದೆ, ಟೊರ್ನೆಡೊದ ಇಎಫ್ ದರ್ಜೆ ನಿರ್ಧಾರವಾಗುವುದು ಬಿದ್ದ ಮನೆ ಮರಗಳನ್ನು ಪರಿಶೀಲಿಸಿದ ಮೇಲೆ.

ಹರಿಕೇನ್‌ಗೆ ಇದೊಂದೇ ಸಾಲದು. ಕರೆಂಟ್ ಹೋದರೆ ಆಧಾರ ಮೂರು ಎಎ ಸೆಲ್. ಕೈಯಿಂದ ತಿರುಗಿಸುವ ಹಿಡಿಯಿಲ್ಲ, ಸೌರ ಫಲಕವಿಲ್ಲ. ಹರಿಕೇನ್ ಬಡಿದರೆ ವಾರಗಟ್ಟಲೆ ವಿದ್ಯುತ್ ಇಲ್ಲದಂತಾಗಬಹುದಾದ ಫ್ಲಾರಿಡಾ ಕರಾವಳಿಗೆ ಹಿಡಿಯಿರುವ ಇನ್ನೊಂದು ರೇಡಿಯೊ ಬೇಕೇ ಬೇಕು. ಹಾಗೆಂದು, ಹರಿಕೇನ್ ಹೊತ್ತಿನ ಪ್ರವಾಹದ ಎಚ್ಚರಿಕೆಗಳ ಕಾಟ ತಾಳದೆ ಈ ರೇಡಿಯೊವನ್ನು ಆಫ್ ಮಾಡಬೇಡಿ. ದಡ ಸೇರುವ ಹರಿಕೇನ್, ಮುಖ್ಯವಾಗಿ ಅದರ ಮುಂಬದಿಯ ಬಲಭಾಗ, ಟೊರ್ನೆಡೊಗಳನ್ನೂ ಹುಟ್ಟಿಸುತ್ತದೆ. 2004ರ ಐವನ್ ನೂರಕ್ಕೂ ಹೆಚ್ಚು ಹುಟ್ಟಿಸಿತ್ತು. ಮಳೆಯ ಮರೆಯಲ್ಲಿ ಬರುವ ಇವು ಕಣ್ಣಿಗೆ ಬೀಳುವುದೇ ಕಷ್ಟ. ಕಾಟ ಕೊಡುವ ಬೇರೆ ಎಚ್ಚರಿಕೆಗಳನ್ನು ಮೆನುವಿನಲ್ಲಿ ಒಂದೊಂದಾಗಿ ನಿಲ್ಲಿಸಿ, ಟೊರ್ನೆಡೊದ್ದನ್ನು ಮುಟ್ಟಬೇಡಿ. ಸೆಲ್‌ಗಳನ್ನು ವರ್ಷಕ್ಕೊಮ್ಮೆ ಬದಲಿಸಿ. ಸೋರಿದ ಸೆಲ್ ಒಳಗಿನ ಸ್ಪ್ರಿಂಗನ್ನೇ ತಿಂದುಹಾಕುತ್ತದೆ.