ಬೆಳಗಾವಿ ಅಧಿವೇಶನದ ಮೊದಲ ದಿನ: ವೀಕ್ಷಕರ ಗ್ಯಾಲರಿಯಿಂದ ಕಂಡಷ್ಟು

ವಿಧಾನಮಂಡಲದ ಅಧಿವೇಶನ ನೋಡಬೇಕೆಂದು ಹೊರಟವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ‘ಮೊದಲ ದಿನ ಹೋಗಬೇಡಿ, ಅಂದು ಸಂತಾಪ ಸೂಚನೆ ಬಿಟ್ಟರೆ ಏನೂ ಇರುವುದಿಲ್ಲ.’ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಎರಡು ಬೇರೆ ಬೇರೆ ವರ್ಷ, ಎರಡು ಸಲವೂ ಚಳಿಗಾಲದ ಅಧಿವೇಶನದ ಮೊದಲ ದಿನವೇ, ವಿಧಾನಸಭೆಯ ವೀಕ್ಷಕರ ಗ್ಯಾಲರಿಯಲ್ಲಿ ಕುಳಿತು ಬಂದ ಮೇಲೆ ಆ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಹೋಟೆಲು, ಅಂಗಡಿಗಳ ಗುಣದೋಷ ಬರೆಯುವವರು ಬೇಕಾದಷ್ಟಿದ್ದಾರೆ. ನಮ್ಮದೇ ತೆರಿಗೆಯ ಹಣದಲ್ಲಿ ನಡೆಯುವ, ಟಿಕೆಟ್ಟೇ ಇಲ್ಲದ ಈ ಸೇವೆಯನ್ನು ಬಳಸಿದವರು ಬರೆದದ್ದು ಕಡಿಮೆ. ಪೌರನೀತಿ ಪಾಠ ಮಾಡಿ ನಿವೃತ್ತನಾದ ನನ್ನಂಥವನಿಗೆ ಇದು ಬರೆಯಲೇಬೇಕಾದ ಬಾಕಿಯಂತೆ ಉಳಿದಿತ್ತು.

ಮೊದಲಿಗೆ ಒಂದು ಗೊಂದಲ ಬಗೆಹರಿಸಬೇಕು, ಏಕೆಂದರೆ ‘ಮೊದಲ ದಿನ’ ಎನ್ನುವುದು ಒಂದೇ ಬಗೆಯದಲ್ಲ. ಚುನಾವಣೆ ಮುಗಿದು ಹೊಸ ವಿಧಾನಸಭೆ ಸೇರುವ ಮೊದಲ ದಿನ ಪ್ರಮಾಣವಚನದ ದಿನ. 2023ರ ಮೇ 22ರಂದು ಬೆಂಗಳೂರಿನಲ್ಲಿ ಹದಿನಾರನೆಯ ವಿಧಾನಸಭೆ ಸೇರಿದಾಗ ಹಂಗಾಮಿ ಸಭಾಧ್ಯಕ್ಷ ಆರ್.ವಿ. ದೇಶಪಾಂಡೆ ಅವರ ಮುಂದೆ ಶಾಸಕರು ಒಬ್ಬೊಬ್ಬರಾಗಿ ಪ್ರಮಾಣ ಸ್ವೀಕರಿಸಿದ್ದರು. ವರ್ಷದ ಮೊದಲ ಅಧಿವೇಶನದ ಮೊದಲ ದಿನವಾದರೆ, ಸಂವಿಧಾನದ 176ನೆಯ ವಿಧಿಯಂತೆ ರಾಜ್ಯಪಾಲರು ಎರಡೂ ಸದನಗಳನ್ನು ಒಟ್ಟಿಗೆ ಉದ್ದೇಶಿಸಿ ಭಾಷಣ ಮಾಡುತ್ತಾರೆ. ಡಿಸೆಂಬರಿನ ಬೆಳಗಾವಿಯಲ್ಲಿ ಇವೆರಡೂ ಇರುವುದಿಲ್ಲ. ಆದ್ದರಿಂದ ಮೆರವಣಿಗೆ, ಗೌರವ ರಕ್ಷೆ, ರಾಜ್ಯಪಾಲರ ಆಗಮನ ನೋಡಬೇಕೆನ್ನುವವರು ಬೆಂಗಳೂರಿಗೆ ಹೋಗುವುದು ಒಳ್ಳೆಯದು. ಸದನ ತನ್ನ ದಿನನಿತ್ಯದ ಕೆಲಸಕ್ಕೆ ಹೇಗೆ ಕೂರುತ್ತದೆ ಎಂದು ನೋಡಬೇಕೆನ್ನುವವರಿಗೆ ಬೆಳಗಾವಿ ಸರಿ.

ಪ್ರವೇಶದ ಬಗ್ಗೆ ಹೇಳುವುದಾದರೆ, ಗ್ಯಾಲರಿಯ ಪಾಸ್ ಸಿಗುವುದು ಶಾಸಕರ ಶಿಫಾರಸಿನ ಮೇಲೆ. ಹಣವಿಲ್ಲ, ಆದರೆ ಪರಿಚಯ ಬೇಕು. ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಹೋಗಿ ಪತ್ರ ಕೇಳುವುದು ಮತದಾರನ ಹಕ್ಕೇ ಆದರೂ, ಕೇಳುವಾಗ ದನಿ ತಾನಾಗಿಯೇ ತಗ್ಗುತ್ತದೆ. ಸದನವನ್ನು ನೋಡುವ ಅವಕಾಶವನ್ನು ಸದನದ ಸದಸ್ಯರೇ ದಯಪಾಲಿಸಬೇಕಾದ ಈ ಕ್ರಮ ನನಗೆ ಸರಿಕಾಣುವುದಿಲ್ಲ. ಗುರುತಿನ ಚೀಟಿ ತೋರಿಸಿದವರಿಗೆ ಸರದಿಯ ಮೇಲೆ ಕೊಡುವ ಒಂದಷ್ಟು ಆಸನಗಳಾದರೂ ಇರಬೇಕು. ಆದರೆ ಭದ್ರತೆಯ ಬಿಗಿಯ ಬಗ್ಗೆ ನನ್ನ ತಕರಾರಿಲ್ಲ. 2023ರ ಜುಲೈ 7ರಂದು, ಅದೂ ಬಜೆಟ್ ಮಂಡನೆಯ ದಿನ, ಹೊರಗಿನ ವ್ಯಕ್ತಿಯೊಬ್ಬರು ಬೆಂಗಳೂರಿನ ವಿಧಾನಸಭೆಯ ಒಳಗೇ ಬಂದು ಶಾಸಕರೊಬ್ಬರ ಆಸನದಲ್ಲಿ ಕುಳಿತಿದ್ದರು. ಅದೇ ವರ್ಷ ಡಿಸೆಂಬರ್ 13ರಂದು ಸಂಸತ್ತಿನಲ್ಲಿ ಗ್ಯಾಲರಿಯಿಂದ ಇಬ್ಬರು ಕೆಳಗೆ ಜಿಗಿದಾಗ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿತ್ತು. ಇಷ್ಟಾದ ಮೇಲೂ ಚೀಲ ತಡಕಿದರೆಂದು ಮುನಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮೊಬೈಲನ್ನು ಗ್ಯಾಲರಿಗೆ ಒಯ್ಯುವಂತಿಲ್ಲ. ಹಾಗಾಗಿ ಅಂದಿನ ಕಾರ್ಯಕಲಾಪ ಪಟ್ಟಿಯನ್ನು ಹಿಂದಿನ ರಾತ್ರಿಯೇ ವಿಧಾನಸಭೆಯ ಜಾಲತಾಣದಲ್ಲಿ ಓದಿಕೊಂಡು ಹೋಗಬೇಕು. ಮೊದಲ ವರ್ಷ ಓದದೆ ಹೋಗಿದ್ದೆ. ಮೇಲೆ ಕುಳಿತು, ಭಾಷೆ ಬಾರದ ಊರಿನ ಜಾತ್ರೆ ನೋಡಿದ ಹಾಗಾಯಿತು, ತಪ್ಪು ನನ್ನದೇ.

ಕಟ್ಟಡದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಧಾರವಾಡದ ಕಡೆಯಿಂದ ಬರುವವರಿಗೆ ನಗರ ಮುಟ್ಟುವ ಮೊದಲೇ ಹಲಗಾ–ಬಸ್ತವಾಡದ ಬಳಿ ಅದು ಕಾಣುತ್ತದೆ. ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದದ್ದು 2006ರಲ್ಲಿ, ಕೆ.ಎಲ್.ಇ. ಸಂಸ್ಥೆಯ ಆವರಣದಲ್ಲಿ, ಈ ಸೌಧವನ್ನು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ್ದು 2012ರ ಅಕ್ಟೋಬರ್ 11ರಂದು. ವರ್ಷದಲ್ಲಿ ಹತ್ತು ದಿನದ ಕಲಾಪ, ಮಿಕ್ಕ ದಿನ ಮೌನ ಎಂಬ ದೂರು ಅದರ ಬೆನ್ನು ಬಿಟ್ಟಿಲ್ಲ, 2019 ಮತ್ತು 2020ರಲ್ಲಿ ಆ ಹತ್ತು ದಿನಗಳೂ ಇರಲಿಲ್ಲ. 2022ರಲ್ಲಿ ಸೌಧದ ಮುಂದೆ ಯಾರೋ ಶ್ಯಾವಿಗೆ ಒಣಹಾಕಿದ ಚಿತ್ರ ರಾಜ್ಯವೆಲ್ಲ ಸುತ್ತಿ ದೊಡ್ಡ ಸುದ್ದಿಯಾಯಿತು. ನನಗೆ ಅದರಲ್ಲಿ ಅಪಚಾರ ಕಾಣಲಿಲ್ಲ. ಬಿಸಿಲು ಚೆನ್ನಾಗಿ ಬೀಳುವ ಖಾಲಿ ಜಾಗ ಕಂಡರೆ ನಮ್ಮ ಕಡೆಯ ಹೆಣ್ಣುಮಕ್ಕಳು ಮಾಡುವ ಕೆಲಸವೇ ಅದು.

ಕಲಾಪ ನಿಗದಿಯಾಗುವುದು ಸಾಮಾನ್ಯವಾಗಿ ಸೋಮವಾರ ಹನ್ನೊಂದು ಗಂಟೆಗೆ. ಹತ್ತೂವರೆಗೆ ಮುಂಚೆ ಆಸನದಲ್ಲಿ ಇರುವುದು ಲೇಸು, ಏಕೆಂದರೆ ಆ ಅರ್ಧ ಗಂಟೆ ಪರದೆಯ ಮೇಲೆ ಎಂದೂ ಸಿಗುವುದಿಲ್ಲ. ಕೋರಂ ಗಂಟೆ ಬಾರಿಸುತ್ತಿರುತ್ತದೆ. ಚುನಾಯಿತರಾದ 224 ಸದಸ್ಯರಲ್ಲಿ ಹತ್ತನೆಯ ಒಂದು ಭಾಗ ಸೇರದೆ ಸದನ ಆರಂಭವಾಗುವಂತಿಲ್ಲ. ಹಿಂದಿನ ದಿನ ಮಾಧ್ಯಮಗಳಲ್ಲಿ ಒಬ್ಬರನ್ನೊಬ್ಬರು ಹಿಗ್ಗಾಮುಗ್ಗಾ ಬೈದುಕೊಂಡವರು ಎರಡು ಸಾಲುಗಳ ನಡುವೆ ನಿಂತು ಹೆಗಲ ಮೇಲೆ ಕೈಹಾಕಿ ಮಾತಾಡುತ್ತಿರುತ್ತಾರೆ. ಇದನ್ನು ಬೂಟಾಟಿಕೆ ಎನ್ನುವವರಿದ್ದಾರೆ. ನನಗೆ ಹಾಗೆನಿಸಲಿಲ್ಲ, ಅಷ್ಟಾದರೂ ಉಳಿದಿದೆಯಲ್ಲ ಎನಿಸಿತು.

ಅಧಿವೇಶನದ ದಿನಗಳಲ್ಲಿ ಶಾಲಾ ಮಕ್ಕಳನ್ನು ತಂಡ ತಂಡವಾಗಿ ಕರೆತರುತ್ತಾರೆ. ಎರಡನೆಯ ವರ್ಷ ನನ್ನ ಹಿಂದಿನ ಸಾಲಿನಲ್ಲಿ ಹೈಸ್ಕೂಲಿನ ಹುಡುಗರಿದ್ದರು. ಅವರಲ್ಲೊಬ್ಬ ಮೆಲ್ಲಗೆ ಬಾಗಿ, ‘ಸರ್, ಆಡಳಿತ ಪಕ್ಷ ಬಲಗಡೆ ಕುಂದರತೈತಿ ಅಂತ ಪುಸ್ತಕದಾಗ ಐತ್ರಿ, ಇಲ್ಲಿ ಎಡಗಡೆ ಕುಂತಾರಲ್ರಿ?’ ಎಂದು ಕೇಳಿದ. ಬಲಗಡೆ ಎಂದರೆ ಸಭಾಧ್ಯಕ್ಷರ ಬಲಗಡೆ, ಪೀಠಕ್ಕೆ ಎದುರಾಗಿ ಕುಳಿತ ನಮಗೆ ಅದು ಎಡಗಡೆ ಎಂದು ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಸದನದ ನಕ್ಷೆ ಬರೆದವನಿಗೆ ಇದನ್ನು ಬಿಡಿಸಿ ಹೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಇಂಥ ಮಕ್ಕಳ ಪಕ್ಕ ನಿಂತು ಯಾರು ಮಾತಾಡುತ್ತಿದ್ದಾರೆ, ಯಾವ ವಿಷಯ ಎಂದು ಪಿಸುದನಿಯಲ್ಲಿ ಹೇಳಬಲ್ಲ ಒಬ್ಬರಿದ್ದರೆ ಈ ಸೇವೆಯ ಬೆಲೆ ಎಷ್ಟೋ ಹೆಚ್ಚುತ್ತದೆ. ಕೆಳಗಿರುವವರು ‘ಸಭಾಧ್ಯಕ್ಷರು’, ವಿಧಾನ ಪರಿಷತ್ತಿನಲ್ಲಿರುವವರು ‘ಸಭಾಪತಿಗಳು’ ಎಂಬ ವ್ಯತ್ಯಾಸವನ್ನೂ ಆ ಹುಡುಗರಿಗೆ ನಾನೇ ಹೇಳಬೇಕಾಯಿತು. ಅಷ್ಟರಲ್ಲಿ ಸಿಬ್ಬಂದಿಯೊಬ್ಬರು ನನ್ನ ಕಡೆ ನೋಡಿದರು, ಸುಮ್ಮನಾದೆ. ಗ್ಯಾಲರಿಯಲ್ಲಿ ಮಾತಾಡುವಂತಿಲ್ಲ ಎಂಬುದು ನ್ಯಾಯವಾದ ನಿಯಮ.

ವಂದೇ ಮಾತರಂ ಮುಗಿದು ಎಲ್ಲರೂ ಕುಳಿತ ಮೇಲೆ ಬರುವುದೇ ಆ ‘ಏನೂ ಇಲ್ಲದ’ ಸಂತಾಪ ಸೂಚನೆ. ಕಳೆದ ಅಧಿವೇಶನದಿಂದೀಚೆಗೆ ತೀರಿಕೊಂಡ ಮಾಜಿ ಶಾಸಕರು, ಸಚಿವರು, ನಾಡಿನ ಗಣ್ಯರು, ಅವಘಡಗಳಲ್ಲಿ ಸತ್ತವರು, ಇವರೆಲ್ಲರ ವಿಷಯವನ್ನು ಸಭಾಧ್ಯಕ್ಷರು ಸದನದ ಮುಂದಿಡುತ್ತಾರೆ. ಹುಟ್ಟಿದ ಊರು, ಗೆದ್ದ ಕ್ಷೇತ್ರ, ವರ್ಷಗಳನ್ನು ಓದುತ್ತಾರೆ. ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕರು, ಆಮೇಲೆ ಬಲ್ಲವರು ಮಾತಾಡುತ್ತಾರೆ. ಕೊನೆಗೆ ಎಲ್ಲರೂ ಎದ್ದು ಮೌನವಾಗಿ ನಿಲ್ಲುತ್ತಾರೆ. ಗಮನವಿಟ್ಟು ಕೇಳಿದರೆ ಇದು ರಾಜ್ಯದ ರಾಜಕೀಯ ಚರಿತ್ರೆಯ ಪಾಠವೇ. 1973ಕ್ಕೆ ಮುಂಚೆ ಆಯ್ಕೆಯಾದವರ ಹೆಸರು ಬಂದರೆ ಅವರು ಗೆದ್ದದ್ದು ಮೈಸೂರು ರಾಜ್ಯದ ವಿಧಾನಸಭೆಗೆ ಎಂಬುದು ನೆನಪಾಗುತ್ತದೆ. ಉಚಗಾಂವ, ಧಾರವಾಡ ಗ್ರಾಮೀಣ ಎಂಬಂಥ ಕ್ಷೇತ್ರಗಳು 2008ರ ಮರುವಿಂಗಡಣೆಯಲ್ಲಿ ನಕ್ಷೆಯಿಂದಲೇ ಅಳಿದವು. ಈಗ ಅವು ಬದುಕಿರುವುದು ಇಂಥ ಓದುಗಳಲ್ಲಿ ಮಾತ್ರ. ಬರೆದುಕೊಂಡು ಬಂದದ್ದನ್ನು ಓದುವವರ ಮಾತು ಬೇಗ ಸಾಕಾಗುತ್ತದೆ, ನಿಜ. ಆದರೆ ಹಳೆಯ ಸದಸ್ಯರೊಬ್ಬರು ಕಾಗದ ಕೆಳಗಿಟ್ಟು, ತೀರಿಕೊಂಡ ಎದುರಾಳಿ ತನ್ನನ್ನು ಯಾವ ಹಳ್ಳಿಯಲ್ಲಿ ಹೇಗೆ ಸೋಲಿಸಿದ್ದರು ಎಂದು ನಗುತ್ತ ಹೇಳತೊಡಗಿದಾಗ, ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದ ಕಿರಿಯ ಶಾಸಕರೂ ತಲೆಯೆತ್ತಿದ್ದನ್ನು ನಾನು ಮೇಲಿನಿಂದ ಕಂಡೆ.

ಕೆಲವೊಮ್ಮೆ ಸಾವು ಸದನದ ವೇಳಾಪಟ್ಟಿಗೆ ಕಾಯುವುದಿಲ್ಲ. 2024ರಲ್ಲಿ ಅಧಿವೇಶನ ಡಿಸೆಂಬರ್ 9ರಂದು ಆರಂಭವಾಯಿತು, ಅಂದೇ ಸೌಧದಲ್ಲಿ ಅನುಭವ ಮಂಟಪದ ಬೃಹತ್ ತೈಲಚಿತ್ರ ಅನಾವರಣಗೊಂಡಿತು. ಮರುದಿನ ಬೆಳಗಿನ ಜಾವ ಎಸ್.ಎಂ. ಕೃಷ್ಣ ತೀರಿಕೊಂಡರು. ಮುಖ್ಯಮಂತ್ರಿಯಾಗುವ ಮೊದಲು ಅದೇ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು ಅವರು. ಚಿತ್ರಗಳ ಮಾತು ಬಂದದ್ದರಿಂದ ಹೇಳುತ್ತೇನೆ: 2022ರ ಡಿಸೆಂಬರ್ 19ರ ಮೊದಲ ದಿನ ಸಭಾಂಗಣದಲ್ಲಿ ಬಸವಣ್ಣ, ಗಾಂಧಿ, ಅಂಬೇಡ್ಕರ್ ಮುಂತಾದವರ ಜೊತೆ ಸಾವರ್ಕರ್ ಅವರ ಭಾವಚಿತ್ರವನ್ನೂ ಅನಾವರಣ ಮಾಡಿದಾಗ ವಿರೋಧ ಪಕ್ಷ ಹೊರಗೆ ಪ್ರತಿಭಟನೆಗೆ ಕುಳಿತಿತ್ತು. ಏನೂ ಇಲ್ಲದ ದಿನ ಎಂಬ ಮಾತು ಬೆಳಗಾವಿಯ ಮಟ್ಟಿಗಂತೂ ಹೊಂದುವುದಿಲ್ಲ.

ಸಂತಾಪದ ನಂತರ ಕಲಾಪ ಮುಂದುವರಿದರೆ ಗ್ಯಾಲರಿಯವರು ಕಿವಿಗೊಡಬೇಕಾದದ್ದು ಎರಡು ಸಂಖ್ಯೆಗಳಿಗೆ. ವಿರೋಧ ಪಕ್ಷ ನಿಯಮ 60ರ ಅಡಿ ನಿಲುವಳಿ ಸೂಚನೆ ತರುತ್ತದೆ, ಅಂದರೆ ಪಟ್ಟಿಯಲ್ಲಿರುವ ಕೆಲಸ ಬದಿಗಿಟ್ಟು ಮೊದಲು ನಮ್ಮ ವಿಷಯ ಚರ್ಚಿಸಿ ಎಂದು ಕೇಳುತ್ತದೆ. ಪೀಠ ಅದನ್ನು ನಿಯಮ 69ಕ್ಕೆ ಬದಲಾಯಿಸಿ, ಚರ್ಚೆಗೆ ಬೇರೆ ಸಮಯ ಕೊಡುವುದಾಗಿ ಹೇಳುವುದುಂಟು. ಈ ಒಂಬತ್ತರ ಅಂತರದಲ್ಲೇ ಎಷ್ಟೋ ಜಗಳಗಳು ಹುಟ್ಟುತ್ತವೆ. ಗೊತ್ತಿಲ್ಲದವರಿಗೆ ಅದು ಬರೀ ಕಿರುಚಾಟ. ಗೊತ್ತಿದ್ದವರಿಗೆ ಅದು ಸದನದ ಸಮಯ ಯಾರ ಕೈಯಲ್ಲಿರಬೇಕು ಎಂಬ ಹಗ್ಗಜಗ್ಗಾಟ. ಸದಸ್ಯರು ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಖಾಲಿ ಜಾಗಕ್ಕೆ, ಇಳಿದಾಗ ಮೇಲೆ ಕುಳಿತವರಿಗೆ ಇಡೀ ಚಿತ್ರ ಕಾಣುತ್ತದೆ: ಯಾರು ಮೊದಲು ಎದ್ದರು, ಯಾರು ಯಾರ ಮುಖ ನೋಡಿ ಎದ್ದರು, ಆಡಳಿತ ಪಕ್ಷದ ಯಾವ ಸಾಲು ನಗುತ್ತಿತ್ತು, ಎದ್ದು ಹೋಗದೆ ಕುಳಿತೇ ಉಳಿದ ವಿರೋಧ ಪಕ್ಷದವರು ಯಾರು. ನೇರ ಪ್ರಸಾರದಲ್ಲಿ ಇದು ದಕ್ಕುವುದಿಲ್ಲ. ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ 2019ರ ಅಕ್ಟೋಬರ್‌ನಿಂದ ವಿಧಾನಸಭೆಯೊಳಗೆ ನಿರ್ಬಂಧ ಬಂತು, ಆಗ ಸಭಾಧ್ಯಕ್ಷರಾಗಿದ್ದವರು ವಿಶ್ವೇಶ್ವರ ಹೆಗಡೆ ಕಾಗೇರಿ. ಪ್ರಸಾರದ ಚಿತ್ರ ಈಗ ಒಂದೇ ಮೂಲದಿಂದ ಬರುತ್ತದೆ. ಮಾತು ಕೇಳಲು ಮನೆಯ ಪರದೆಯೇ ಮೇಲು, ಅದನ್ನು ಒಪ್ಪುತ್ತೇನೆ. ಗದ್ದಲದ ಹೊತ್ತಿನಲ್ಲಿ ಗ್ಯಾಲರಿಯಲ್ಲಿ ಕುಳಿತವರಿಗೆ ಒಂದು ವಾಕ್ಯವೂ ಪೂರ್ತಿ ಕಿವಿಗೆ ಬೀಳುವುದಿಲ್ಲ.

ಊಟ, ವಸತಿಯ ವಿಷಯಕ್ಕೆ ಎರಡೇ ಮಾತು. ಅಧಿವೇಶನದ ಎರಡು ವಾರ ಬೆಳಗಾವಿಯಲ್ಲಿ ಕೋಣೆ ಸಿಗುವುದು ಕಷ್ಟ. ಹೆಸರು ಹೇಳಬಯಸದ ವಸತಿಗೃಹವೊಂದರಲ್ಲಿ ಫೋನಿನಲ್ಲಿ ಒಪ್ಪಿದ ಬಾಡಿಗೆ ರಾತ್ರಿ ಬಾಗಿಲಿಗೆ ಹೋದಾಗ ಒಂದೂವರೆ ಪಟ್ಟು ಆಗಿತ್ತು. ಧಾರವಾಡ, ಬೈಲಹೊಂಗಲದ ಕಡೆಯವರು ಬೆಳಗಿನ ಬಸ್ಸಿಗೆ ಬಂದು ಸಂಜೆ ಮರಳುವುದೇ ವಾಸಿ. ನಿಪ್ಪಾಣಿಯ ಕಡೆಯಿಂದ ಬರುವವರು ಇನ್ನಷ್ಟು ಬೇಗ ಹೊರಡಬೇಕು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ‘ಮಹಾಮೇಳಾವ’ ಎಂಬ ಸಮಾವೇಶ ನಡೆಸಲು ಹೊರಡುವುದು ಇದೇ ಮೊದಲ ದಿನವಾದ್ದರಿಂದ ಗಡಿಯಲ್ಲಿ ಪೊಲೀಸರ ತಪಾಸಣೆ ಹೆಚ್ಚಿರುತ್ತದೆ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಮಧ್ಯಾಹ್ನ ಯಾರ ಹಂಗೂ ಬೇಡ. ಮರಳುವಾಗ ಕುಂದಾ ಕಟ್ಟಿಸಿಕೊಳ್ಳುವುದನ್ನು ನಾನು ಹೇಳಬೇಕಿಲ್ಲ.

ಗ್ಯಾಲರಿಗೆ ಹೋದವರು ಕೊಂಡಸಕೊಪ್ಪದ ಬಳಿ ಹಾಕಿರುವ ಪ್ರತಿಭಟನೆಯ ಟೆಂಟುಗಳನ್ನೂ ನೋಡಿಯೇ ಬರಬೇಕು, ಅದು ಅದೇ ಕಲಾಪದ ಇನ್ನೊಂದು ಭಾಗ. ಕಬ್ಬು ಬೆಳೆಗಾರರು, ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ನೀರಾವರಿ ಹೋರಾಟಗಾರರು ಬಂದು ಕೂರುವುದು ಅಲ್ಲಿ. ಎರಡನೆಯ ಸಲ ನಾನು ಅಲ್ಲಿಗೆ ಹೋದಾಗ ಸಂಜೆಯಾಗಿತ್ತು. ಜಮಖಾನೆಯ ಅಂಚಿನಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ನನ್ನ ಅಂಗಿಯ ಜೇಬಿನಲ್ಲಿದ್ದ ಪಾಸ್ ನೋಡಿ, ‘ಒಳಗ ಹೋಗಿದ್ರೇನ್ರಿ? ನಮ್ಮ ಸುದ್ದಿ ಬಂತೇನು?’ ಎಂದರು. ಬಂತು, ಆದರೆ ಚರ್ಚೆ ಇಂದಲ್ಲ, ಮುಂದೆ ಎಂದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತ ಕೇಳಿದರು: ‘ಅರವತ್ತರಾಗ ತಗೊಂಡ್ರೋ, ಅರವತ್ತೊಂಬತ್ತರಾಗೋ?’