ಅಮ್ಮನ ಜಠರದ ನಾಳಕ್ಕೆ ಬಲೂನ್ ಚಿಕಿತ್ಸೆ: ಹನ್ನೊಂದು ತಿಂಗಳ ನಂತರ

ಅಮ್ಮನಿಗೆ 61 ವರ್ಷ. ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟ. ಅಮ್ಮ ಒಂದು ಹನಿ ಹೆಂಡ ಮುಟ್ಟಿದವರಲ್ಲ. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಜೊತೆಗೆ ಲಿವರ್‌ನಲ್ಲಿ ಕೊಬ್ಬು. ಅದೇ ಮೆಲ್ಲಗೆ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ಕಾಯಿಲೆ, ಆಗಿತ್ತು. ನಮಗೆ ಗೊತ್ತಾದದ್ದು ಬಚ್ಚಲಲ್ಲಿ ರಕ್ತ ವಾಂತಿ ಮಾಡಿಕೊಂಡ ದಿನ. "ಅದು ಕುಡಿಯೋರಿಗೆ ಬರೋದಲ್ವಾ?" ಅಂತ ನೆಂಟರು ಕೇಳಿದಾಗ ಅಮ್ಮ ಮುಖ ತಿರುಗಿಸಿ ಮಲಗಿದ್ದು ನನಗೆ ಇವತ್ತಿಗೂ ನೋವು.

ಮೊದಲು ಎಂಡೋಸ್ಕೋಪಿಯಲ್ಲಿ, ಜಠರದ ಮೇಲ್ಭಾಗದಲ್ಲಿ ಉಬ್ಬಿದ್ದ ನಾಳಕ್ಕೆ ಅಂಟು ಚುಚ್ಚಿದರು. ಮೂರೇ ವಾರ. ಮತ್ತೆ ಡಾಂಬರಿನಂಥ ಕಪ್ಪು ಮಲ, ಹಿಮೋಗ್ಲೋಬಿನ್ 6.8. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆತಂದೆವು. ಸಿ.ಟಿ. ಸ್ಕ್ಯಾನ್ ನೋಡಿ ಅವರು ಹೇಳಿದ್ದು ಬಿ.ಆರ್.ಟಿ.ಓ., ಅಂದರೆ ಬಲೂನಿನಿಂದ ತಡೆದು ಆ ಉಬ್ಬಿದ ನಾಳವನ್ನು ಒಳಗಿಂದಲೇ ಮುಚ್ಚುವ ಚಿಕಿತ್ಸೆ.

ಡಾಕ್ಟರು ವಿವರಿಸಿದ ರೀತಿಗೆ ಪೂರ್ತಿ ಅಂಕ. ಅಮ್ಮನ ಊರು ಕೇಳಿ, ಹಾಳೆಯ ಹಿಂದೆ ಕಾಲುವೆ ಬರೆದರು. ಹೇಮಾವತಿ ಕಾಲುವೆಯ ತೂಬಿಗೆ ಕಸ ಕಟ್ಟಿದರೆ ನೀರು ಏರಿ ಪಕ್ಕದ ತೋಟಕ್ಕೆ ನುಗ್ಗುತ್ತದೆ. ಲಿವರ್ ಗಟ್ಟಿಯಾದಾಗಲೂ ಹಾಗೇ. ಕರುಳಿನ ಕಡೆಯ ರಕ್ತವನ್ನು ಲಿವರ್‌ಗೆ ತರುವ ಪೋರ್ಟಲ್ ನಾಳದಲ್ಲಿ ಒತ್ತಡ ಏರುತ್ತದೆ. ಆ ರಕ್ತ ಅಮ್ಮನ ಜಠರದ ನಾಳಗಳನ್ನು ಉಬ್ಬಿಸಿ, ಎಡ ಕಿಡ್ನಿಯ ನಾಳದ ಕಡೆಗೆ ಅಡ್ಡದಾರಿ ಮಾಡಿಕೊಂಡಿತ್ತು. ಆ ದಾರಿಯ ಬಾಯಿಂದಲೇ ಸಣ್ಣ ನಳಿಗೆ ತೂರಿಸಿ, ಬಲೂನ್ ಉಬ್ಬಿಸಿ ಬಾಯಿ ಮುಚ್ಚುತ್ತಾರೆ. ಆಮೇಲೆ ನೊರೆಯಂಥ ಔಷಧ ತುಂಬಿ ನಾಳವನ್ನು ಮುಚ್ಚಿಸುತ್ತಾರೆ. 1990ರ ದಶಕದಲ್ಲಿ ಜಪಾನಿನ ವೈದ್ಯರು ರೂಢಿಗೆ ತಂದ ವಿಧಾನ. ಆ ಅಡ್ಡದಾರಿ ಇದ್ದವರಿಗೆ ಮಾತ್ರ ಇದು ಆಗುತ್ತದೆ, ಅದಕ್ಕೇ ಮೊದಲು ಸ್ಕ್ಯಾನ್. ಲಿವರ್ ಒಳಗೆ ಸ್ಟೆಂಟ್ ಇಡುವ ಟಿಪ್ಸ್ ಬಗ್ಗೆಯೂ ಕೇಳಿದೆ. ಅದರಲ್ಲಿ ಒತ್ತಡವೇ ಇಳಿಯುತ್ತದೆ, ಆದರೆ ಅಮ್ಮನಿಗೆ ಆಗಲೇ ಇದ್ದ ಮಂಕು ಜಾಸ್ತಿ ಆಗಬಹುದು ಎಂದರು. "ಇದರಿಂದ ಲಿವರ್ ಸರಿಹೋಗಲ್ಲ. ಇಲ್ಲಿ ಮುಚ್ಚಿದರೆ ಒತ್ತಡ ಇನ್ನೊಂದು ಕಡೆ ಕಾಣಿಸಬಹುದು" ಅಂತಲೂ ಮೊದಲೇ ಹೇಳಿದರು. ಸುಮ್ನೆ ಧೈರ್ಯ ತುಂಬಲಿಲ್ಲ.

ತೊಡೆಸಂದಿಯಲ್ಲಿ ಒಂದು ಸಣ್ಣ ತೂತು, ಆ ಜಾಗ ಮಾತ್ರ ಮರಗಟ್ಟಿಸಿದ್ದು. ಎರಡು ಗಂಟೆಯಲ್ಲಿ ಹೊರಗೆ ಬಂದರು. ಕಷ್ಟ ಆಮೇಲೆ ಶುರುವಾಯಿತು. ಬಲೂನ್ ರಾತ್ರಿಯಿಡೀ ಒಳಗೇ ಇರಬೇಕು, ಬಲಗಾಲು ಮಡಚುವ ಹಾಗಿಲ್ಲ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಅಮ್ಮ ಬೆನ್ನುನೋವಿಗೆ ಅಳತೊಡಗಿದರು. ನಾನು ಮೊಣಕಾಲು ಹಿಡಿದು ಕೂತಿದ್ದೆ. ರಾತ್ರಿ ಪಾಳಿಯ ನರ್ಸ್ ಸೊಂಟದ ಕೆಳಗೆ ಮಡಚಿದ ಟವೆಲ್ ಇಟ್ಟು, ಗಂಟೆಗೊಮ್ಮೆ ಪಾದ ಮುಟ್ಟಿ ನೋಡಿದರು. ಬೆಳಿಗ್ಗೆ ಡೈ ಬಿಟ್ಟು ನೋಡಿ, ನಾಳ ಮುಚ್ಚಿದ್ದು ಖಚಿತವಾದ ಮೇಲೆ ಬಲೂನ್ ತೆಗೆದರು. ಎರಡು ದಿನ ಜ್ವರ, ಹೊಟ್ಟೆನೋವು ಇತ್ತು.

ಒಂದು ಅಂಕ ಕಳೆಯುವುದು ಬಿಲ್ಲಿಗೆ. ಮೊದಲು ಹೇಳಿದ್ದು 1 ಲಕ್ಷ 60 ಸಾವಿರ, ಕೊನೆಗೆ ಕಟ್ಟಿದ್ದು 2 ಲಕ್ಷ 30 ಸಾವಿರ. ಬಲೂನ್, ನಳಿಗೆ ಎಲ್ಲ ಬೇರೆ ಲೆಕ್ಕವಂತೆ. ಊರಲ್ಲಿ ಒಡವೆ ಅಡವಿಟ್ಟು ಬಂದವರಿಗೆ ಇದನ್ನು ಮೊದಲ ದಿನವೇ ಹೇಳಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಎಂಡೋಸ್ಕೋಪಿಯ ವಿಷಯ ಇಂಗ್ಲಿಷಿನ ಒಂದೇ ಸಾಲು. ನಾನು ಕೇಳದಿದ್ದರೆ ಅದು ತಪ್ಪಿಹೋಗುತ್ತಿತ್ತು.

ತಪ್ಪಿದ್ದರೆ ಅಪಾಯವೇ ಆಗುತ್ತಿತ್ತು. ಡಾಕ್ಟರು ಹೇಳಿದ ಹಾಗೆಯೇ, ಮೂರು ತಿಂಗಳಿಗೆ ಅನ್ನನಾಳದ ನಾಳಗಳು ಉಬ್ಬಿದ್ದವು. ಎರಡು ಸಲ ಎಂಡೋಸ್ಕೋಪಿಯಲ್ಲಿ ಆ ನಾಳಗಳಿಗೆ ರಬ್ಬರ್ ಬ್ಯಾಂಡ್ ಬಿಗಿದರು. ಹೊಟ್ಟೆಯಲ್ಲಿ ಸ್ವಲ್ಪ ನೀರೂ ಸೇರಿತ್ತು. ಮಾತ್ರೆ ಕೊಟ್ಟರು, ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿದೆವು. ಜಠರದ ನಾಳ ಮಾತ್ರ ಸ್ಕ್ಯಾನ್‌ನಲ್ಲಿ ಮುಚ್ಚಿಯೇ ಇದೆ.

ನನಗೆ ದೊಡ್ಡದು ಅನಿಸಿದ್ದು ಇನ್ನೊಂದು. ಮೊದಲು ಅಮ್ಮ ಹಗಲೆಲ್ಲ ತೂಕಡಿಸುತ್ತಿದ್ದರು, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದರು. ಲಿವರ್‌ನಲ್ಲಿ ಶುದ್ಧವಾಗದೆ ಅಡ್ಡದಾರಿಯಲ್ಲಿ ಹೋಗುವ ರಕ್ತದ ಅಮೋನಿಯಾ ಮಿದುಳಿಗೆ ಸೇರುತ್ತಿತ್ತಂತೆ. ಆ ದಾರಿ ಮುಚ್ಚಿದ ಮೇಲೆ ಮಂಕು ಹೋಯಿತು. ಹೋದ ವಾರ ಕಾಯಿ ಕೀಳುವವನು 840 ಅಂದ. ಅಮ್ಮ ಜಗಲಿಯಲ್ಲಿ ಕೂತೇ ಎಣಿಸಿ, 862 ಅಂದರು. ಮತ್ತೆ ಎಣಿಸಿದೆವು. 862 ಇತ್ತು.